ಯಾರೂ ತಿರುಗಿಸದ ಸ್ಕ್ರೂ

ಆಶ್‌ಬರೋ, ವರ್ಮಾಂಟ್
ಓಲ್ಡ್ ಹೋಮ್ ಡೇ ಮುಗಿದ ಮರುದಿನ

ನನ್ನ ಕಳ್ಳ ವೆಂಡಲ್,

ಮೊದಲು ‘ಪ್ರೀತಿಯ ವೆಂಡಲ್’ ಎಂದೇ ಬರೆದಿದ್ದೆ. ನೀನು ಮಾಡಿದ್ದು ನೆನಪಾಗಿ ಹೊಡೆದುಹಾಕಿದೆ. ನೀನು ಹೋದ ಮೇಲೆ ಒಂದು ಚಳಿಗಾಲ ಕಳೆಯಿತು, ಹಿಮ ಕರಗಿ ರಸ್ತೆಯೆಲ್ಲ ಕೆಸರಾಗುವ ಕಾಲವೂ ಕಳೆಯಿತು, ಈಗ ಜೋಳ ತೆನೆಗಟ್ಟಿದೆ. ಇಷ್ಟು ದಿನ ಮೇಪಲ್ ಮರದ ಕೆಳಗೆ ಸಮಾಧಾನವಾಗಿ ಮಲಗಿದ್ದವನು ಕೊನೆಗೂ ಸಿಕ್ಕಿಬಿದ್ದಿದ್ದೀಯ. ಹೇಗೆ ಸಿಕ್ಕಿಬಿದ್ದೆ ಎಂದು ಹೇಳುವುದಕ್ಕೇ ಈ ಕಾಗದ. ಜೊತೆಗೆ ನಿನಗೂ ಗೊತ್ತಿಲ್ಲದ ಒಂದು ಸಂಗತಿ ಇದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪತ್ತೇದಾರಿ ಕಾದಂಬರಿ ಓದುವಾಗ ಮಾಡುತ್ತಿದ್ದಂತೆ ಕೊನೆಯ ಪುಟಕ್ಕೆ ಹಾರಬೇಡ.

ಮೇ ತಿಂಗಳಲ್ಲಿ ವಿನಿಫ್ರೆಡ್ ಕ್ರೋಕರ್ ಬಂದಿದ್ದಳು. ಊರಿನ ಇತಿಹಾಸ ಸಂಘಕ್ಕೆ ಈಗ ಅವಳೇ ಅಧ್ಯಕ್ಷೆ, ಅವಳೇ ಕಾರ್ಯದರ್ಶಿ, ಕಸ ಗುಡಿಸುವವಳೂ ಅವಳೇ. ರೈತರ ಹಳೆಯ ಸಭಾಭವನಕ್ಕೆ ಬಣ್ಣ ಹೊಡೆಸಿ, ಒಂದು ದೊಡ್ಡ ಗಾಜಿನ ಪೆಟ್ಟಿಗೆ ತರಿಸಿದ್ದಾಳೆ. ಊರು ಬಿಟ್ಟವರೆಲ್ಲ ಓಲ್ಡ್ ಹೋಮ್ ಡೇಗೆ ಬರುತ್ತಾರಲ್ಲ, ಅಷ್ಟರೊಳಗೆ ಅದು ತುಂಬಿರಬೇಕು ಎಂಬುದು ಅವಳ ಹಟ. ಬಾಗಿಲಲ್ಲೇ ನಿಂತು ಹೇಳಿದಳು: “ವೆಂಡಲ್ ಮಾತು ಕೊಟ್ಟಿದ್ದ ಕಣೇ ಆರ್ಲೀನ್, ಎಜ್ರಾ ಸ್ಟಾಡರ್ಡ್ ರಿವಾಲ್ವರ್ ಸಂಘಕ್ಕೇ ಅಂತ. ಮಧ್ಯದಲ್ಲಿ ಜಾಗ ಬಿಟ್ಟಿದ್ದೀನಿ. ಒಂದು ಪಕ್ಕ ಹೊಟ್ಟು ತುಂಬಿದ ಕಾಡುಬೆಕ್ಕು, ಇನ್ನೊಂದು ಪಕ್ಕ ಹಳೇ ಡಾಕ್ಟರ ಹಲ್ಲು ಕೀಳೋ ಇಕ್ಕಳ. ಕೆಳಗಡೆ ಚೀಟಿ ಅಂಟಿಸ್ಬೇಕು, ‘ವೆಂಡಲ್ ಸ್ಟಾಡರ್ಡ್ ನೆನಪಿಗೆ’ ಅಂತ. ಯಾವ ವರ್ಷದ್ದು ಅಂತ ಬರೀಲಿ ಹೇಳು.”

ನಾನು ತಡಿ ಎಂದೆ. ಅವಳಿಗೆ ಆಶ್ಚರ್ಯವಾಯಿತು. ನಳಿಗೆಯ ಮೇಲೆ ೧೮೮೭ ಎಂದು ಕೆತ್ತಿರುವುದನ್ನು ಅವಳು ನಮ್ಮ ಮನೆಯ ಊಟದ ಮೇಜಿನಲ್ಲೇ ಎಷ್ಟು ಸಲ ಓದಿಲ್ಲ? ಪ್ರತಿ ಥ್ಯಾಂಕ್ಸ್‌ಗಿವಿಂಗ್‌ಗೂ ಹಬ್ಬದೂಟದ ಟರ್ಕಿ ಕೋಳಿಯ ಮೂಳೆಗಳನ್ನು ಅತ್ತ ಸರಿಸಿ, ಸೇಬಿನ ಪೈ ಕತ್ತರಿಸುವ ಮುಂಚೆ ನೀನು ಅದನ್ನು ತಂದು ಮಧ್ಯೆ ಇಡುತ್ತಿದ್ದೆ. ನಿನ್ನ ಮುತ್ತಾತ ಎಜ್ರಾ ಊರ ಕಾನ್ಸ್ಟೇಬಲ್ ಆಗಿದ್ದು, ಮರದ ಗೋಡೆ, ಛಾವಣಿಯ ಮುಚ್ಚುಸೇತುವೆಯ ಕತ್ತಲಲ್ಲಿ ಒಬ್ಬನೇ ಕುದುರೆಗಳ್ಳರಿಗೆ ಎದುರಾಗಿ ಇದೇ ರಿವಾಲ್ವರ್ ಹಿಡಿದು ನಿಂತದ್ದು, ಕಳ್ಳರು ಮಂಡಿಯೂರಿದ್ದು. ಕತೆ ಮುಗಿಯುವವರೆಗೆ ಯಾರಿಗೂ ಪೈ ಇಲ್ಲ. ಮಕ್ಕಳು ಚಮಚ ಹಿಡಿದುಕೊಂಡೇ ಕಳ್ಳರ ಮೇಲೆ ಸಿಟ್ಟಾಗುತ್ತಿದ್ದರು.

ಆದರೆ ವೆಂಡಲ್, ನಿನ್ನ ಹೆಂಡತಿಯಾಗಿ ಐವತ್ತು ವರ್ಷ ಬಂದೂಕು ಮೇಳಗಳಲ್ಲಿ ನಿನ್ನ ಮೇಜಿನ ಪಕ್ಕ ಕೂತವಳು ನಾನು. ಕೈಗವಸು ಹೆಣೆಯುತ್ತಾ, ಡೋನಟ್ ಮಾರುತ್ತಾ ಎಲ್ಲವನ್ನೂ ಕೇಳಿಸಿಕೊಂಡವಳು. ಅಂಗೈಯಲ್ಲಿ ಮುಚ್ಚಿಹೋಗುವಂಥ ಆ ಸಣ್ಣ ಒಡಲಿನ ರಿವಾಲ್ವರ್‌ಗಳೇ ನಿನ್ನ ಪ್ರಾಣ. ಜನ ಅವನ್ನು ಕಾಲುಚೀಲದಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ತರುತ್ತಿದ್ದರು, ಒಮ್ಮೆ ಯಾರೋ ಟೀ ಕೆಟಲ್‌ನಲ್ಲಿ ತಂದಿದ್ದರು. ಎಲ್ಲರದೂ ಒಂದೇ ಮಾತು: “ನಮ್ಮಜ್ಜನದು ಸಾರ್, ೧೮೮೭ನೇ ಇಸವೀದು, ಇಲ್ಲೇ ಬರೆದಿದೆ ನೋಡಿ.” ನೀನು ಕನ್ನಡಕ ಏರಿಸಿ ಹೇಳುತ್ತಿದ್ದೆ: “ಅಮ್ಮಾ, ಅದು ಪೇಟೆಂಟ್ ಸಿಕ್ಕಿದ ವರ್ಷ. ಕಾರ್ಖಾನೆಯವರು ಆಮೇಲೂ ವರ್ಷಗಟ್ಟಲೆ ಅದನ್ನೇ ಒತ್ತುತಾ ಇದ್ರು. ಇದು ಮಗು ಹುಟ್ಟಿದ ತಾರೀಖಲ್ಲ, ಅದರ ಅಪ್ಪ ಅಮ್ಮ ಮದುವೆ ಆದ ತಾರೀಖು.” ಕೆಲವರು ನಗುತ್ತಿದ್ದರು, ಕೆಲವರು ಮುಖ ಊದಿಸಿಕೊಂಡು ಕಾಲುಚೀಲದೊಳಕ್ಕೆ ವಾಪಸ್ ತುರುಕುತ್ತಿದ್ದರು. ಬೇಜಾರಾದವರಿಗೆ ನಾನು ಒಂದು ಡೋನಟ್ ಬಿಟ್ಟಿಯಾಗಿ ಕೊಡುತ್ತಿದ್ದೆ.

ತಪ್ಪು ವರ್ಷದ ಚೀಟಿ ಕಟ್ಟಿದ ಒಂದು ವಸ್ತುವೂ ನಿನ್ನ ಮೇಜಿನ ಮೇಲಿಂದ ಹೋದದ್ದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯುತ್ತಿದ್ದೆ. ಅಂಥವನ ನೆನಪಿಗೆಂದು ಇಡುವ ಪೆಟ್ಟಿಗೆಯಲ್ಲಿ, ಅದೂ ಅವನದೇ ಹೆಸರಿನ ಕೆಳಗೆ ತಪ್ಪು ವರ್ಷ ಬರೆಸಿ, ಕನೆಕ್ಟಿಕಟ್‌ನಿಂದ ಬಂದ ನಿನ್ನ ಯಾವನೋ ಬಂದೂಕಿನ ಗೆಳೆಯ ಗಾಜಿಗೆ ಮೂಗು ಒತ್ತಿ ನಕ್ಕರೆ? ಅದನ್ನು ಸಹಿಸುವುದು ನನ್ನಿಂದಾಗದ ಮಾತು. ಇತ್ತ ಎಜ್ರಾನ ಕತೆ ಸುಳ್ಳು ಎಂದು ನನ್ನ ಕೈಯಾರೆ ಹೇಳುವುದೂ ಆಗದ ಮಾತು. ನಿನಗೆ ಪ್ರಿಯವಾದ ಎರಡು ಸಂಗತಿಗಳು, ಸರಿಯಾದ ತಾರೀಖು ಮತ್ತು ಎಜ್ರಾನ ಕತೆ, ಒಂದರೊಡನೊಂದು ಜಗಳಕ್ಕೆ ನಿಂತಿದ್ದವು, ನೀನು ಮಾತ್ರ ಜಾಗ ಖಾಲಿ ಮಾಡಿದ್ದೆ.

ಅನುಮಾನ ನನಗೆ ಮೊದಲಿಂದ ಇತ್ತು, ಅದು ನಿನಗೂ ಗೊತ್ತು. ರಿವಾಲ್ವರ್ ಮಡಿಸಿ ತೆರೆಯುವ ಕಡೆ ಒಂದು ಚಿಲಕ ಇರುತ್ತದಲ್ಲ, ಹಳೆಯವಕ್ಕೆ ಅದು ಒಂದು ಗೂಟಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬಂದವಕ್ಕೆ ಎರಡು ಗೂಟ ಎಂದು ಹೇಳಿಕೊಟ್ಟವನು ನೀನೇ. ನಮ್ಮದಕ್ಕೆ ಎರಡು ಗೂಟ. ಒಮ್ಮೆ ಪಾತ್ರೆ ತೊಳೆಯುತ್ತಾ ಕೇಳಿದೆ. ನೀನು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, “ಅದು ಆಮೇಲೆ ಯಾರೋ ರಿಪೇರಿ ಮಾಡ್ಸಿದ್ದು ಕಣೇ,” ಎಂದೆ. “ಹಂಗಾದ್ರೆ ಹಿಡಿಕೆ ಬಿಚ್ಚಿ ನಂಬರ್ ನೋಡೋಣ, ಈ ಕಾರ್ಖಾನೆಯವರು ನಂಬರ್ ಒತ್ತೋದು ಹಿಡಿಕೆ ಕೆಳಗೆ ತಾನೇ?” ಎಂದೆ. ಆಗ ನಿನ್ನ ಮುಖ ನೋಡಬೇಕಿತ್ತು. ನಾನು ಪಾದ್ರಿಯ ಅಂಗಿ ಬಿಚ್ಚಲು ಹೇಳಿದೆನೋ ಎಂಬಂತೆ ಹಿಂದೆ ಸರಿದೆ.

ಸ್ಕ್ರೂ ವಿಷಯದಲ್ಲಿ ಹಳೇ ಬಂದೂಕು ಕೂಡಿಡುವ ನಿಮ್ಮ ಕೂಟದವರ ಮಡಿಯೇ ಮಡಿ. ಕಾರ್ಖಾನೆ ಬಿಟ್ಟಮೇಲೆ ಯಾರೂ ತಿರುಗಿಸದ ಸ್ಕ್ರೂ ಎಂದರೆ ನಿಮಗೆ ಕಣ್ಣಲ್ಲಿ ನೀರು ಬರುತ್ತದೆ. ಅದರ ತಲೆಯ ಮೇಲಿನ ಸೀಳು ಚೂರು ತರಚಿದ್ದರೂ ಸಾಕು, ಬೆಲೆ ಹೋಯಿತು, ಮಾನ ಹೋಯಿತು ಎಂದು ತಲೆಯಾಡಿಸುತ್ತೀರಿ. ನೀನು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, “ನೋಡು, ಕನ್ಯೆ ಇದ್ದಂಗಿದೆ. ಮುತ್ತಾತನ ಕಾಲದಿಂದ ಯಾರೂ ಕೈ ಹಾಕಿಲ್ಲ. ನಾನಂತೂ ಹಾಕಲ್ಲ,” ಎಂದೆ. ನೋಡಿದೆ. ನಿಜಕ್ಕೂ ಒಂದು ಗೀರೂ ಇರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಆಸ್ಪತ್ರೆಯಲ್ಲಿ ಕೊನೆಯ ವಾರ ನೀನು ಹೇಳಿದ್ದು ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಜೆಲ್ಲಿ ತಿನ್ನಿಸುತ್ತಿದ್ದೆ. ನೀನು ಚಮಚವನ್ನು ತಡೆದು, “ವಿನಿಫ್ರೆಡ್ ಬಂದು ಕೇಳ್ತಾಳೆ. ತಾರೀಖು ನೀನೇ ನೋಡಿ ಹೇಳು. ನನ್ನ ಡ್ರೈವರ್‌ಗಳು ಎಡಗಡೆ ಡ್ರಾಯರ್‌ನಲ್ಲಿವೆ,” ಎಂದೆ. ನಳಿಗೆ ಮೇಲಿನದನ್ನು ಓದುವುದಕ್ಕೆ ಸ್ಕ್ರೂ ಡ್ರೈವರ್ ಯಾಕೆ ಎಂದು ಆಗ ಹೊಳೆಯಲಿಲ್ಲ. ಔಷಧಿಯ ಮಂಪರು ಎಂದುಕೊಂಡೆ.

ಜೂನ್‌ನಲ್ಲಿ ಒಂದು ಭಾನುವಾರ ಚರ್ಚಿನಿಂದ ಬಂದವಳೇ ಮನಸ್ಸು ಗಟ್ಟಿಮಾಡಿದೆ. ಮೊಮ್ಮಗಳು ಮಾರ್ನಿ ಚೀಸ್ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದೆವು, ಕಿಟಕಿಯ ಪರದೆ ಪೂರ್ತಿ ಸರಿಸಿದೆವು. ಖಾಲಿ ಇದೆಯೇ ಎಂದು ನಾನು ನೋಡಿದೆ, ಅವಳು ನೋಡಿದಳು, ಮತ್ತೆ ನಾನು ನೋಡಿದೆ. ಸ್ಕ್ರೂ ಸುತ್ತ ಹಿಂದಿನ ದಿನವೇ ಒಂದು ಹನಿ ಎಣ್ಣೆ ಬಿಟ್ಟಿದ್ದೆ. ಡ್ರಾಯರ್‌ನಲ್ಲಿ ನೀನೇ ಉಜ್ಜಿ ಉಜ್ಜಿ ತಯಾರಿಸಿದ ಡ್ರೈವರ್‌ಗಳ ಸಾಲು. ಒಂದೊಂದನ್ನೇ ಸೀಳಿಗೆ ಇಟ್ಟು ನೋಡುತ್ತಾ ಹೋದೆ. ಒಂದು ಮಾತ್ರ ಕೂತುಕೊಂಡಿತು. ಸಡಿಲವೂ ಇಲ್ಲ, ಬಿಗಿಯೂ ಇಲ್ಲ, ಅದಕ್ಕಾಗಿಯೇ ಅಳತೆ ತೆಗೆದು ಹೊಲಿದ ಹಾಗೆ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

“ಅಜ್ಜಿ, ನಾನು ತಿರುಗಿಸ್ತೀನಿ. ಕೊಡಿ ಇಲ್ಲಿ,” ಎಂದಳು ಮಾರ್ನಿ. “ಸುಮ್ನಿರು. ನಿಮ್ಮಜ್ಜನ ಮರ್ಯಾದೆ ಇದರ ಮೇಲಿದೆ,” ಎಂದೆ. ಒತ್ತಿ ಹಿಡಿದು ತಿರುಗಿಸಿದೆ. ನೂರು ವರ್ಷದ ತುಕ್ಕು ಕಿರುಗುಟ್ಟುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಅದು ಜಾಮ್ ಬಾಟಲಿಯ ಮುಚ್ಚಳದಂತೆ ಸಲೀಸಾಗಿ ತಿರುಗಿತು. ಎರಡೂ ಕಪ್ಪು ರಬ್ಬರ್ ಹಿಡಿಕೆಗಳು ಅಂಗೈಗೆ ಬಂದವು. ಒಳಗೆ ಧೂಳಿಲ್ಲ, ತುಕ್ಕಿಲ್ಲ. ಹೊಂಬಣ್ಣದ ತೆಳು ಗ್ರೀಸ್ ಮಾತ್ರ. ಮಾರ್ನಿ ಬಗ್ಗಿ ಮೂಸಿ, “ಅಜ್ಜಿ, ಇದು ಅಜ್ಜನ ವಾಸನೆ,” ಎಂದಳು.

ಹೌದು, ವಿಂಟರ್‌ಗ್ರೀನ್. ಜೇನುಮೇಣ, ಎಣ್ಣೆ, ಅದಕ್ಕೆ ನಾಲ್ಕು ಹನಿ ಘಮಘಮಿಸುವ ಎಲೆಯೆಣ್ಣೆ, ವಿಂಟರ್‌ಗ್ರೀನ್. ಈ ಲೋಕದಲ್ಲಿ ಬಂದೂಕಿಗೆ ಆ ಗ್ರೀಸ್ ಹಾಕುತ್ತಿದ್ದವನು ಒಬ್ಬನೇ. ಅಡುಗೆಮನೆಯೆಲ್ಲ ಬಂದೂಕಿನ ಎಣ್ಣೆ ನಾರುತ್ತದೆ, ರೊಟ್ಟಿಗೂ ಅದೇ ವಾಸನೆ ಎಂದು ಮದುವೆಯಾದ ಮೊದಲ ವರ್ಷ ನಾನು ಗೊಣಗಿದ್ದಕ್ಕೆ ನೀನು ಅದನ್ನು ಕಂಡುಹಿಡಿದೆ. ಅಂದರೆ ನೀನು ಈ ಸ್ಕ್ರೂ ತಿರುಗಿಸಿದ್ದೀಯ, ಅದೂ ನನ್ನನ್ನು ಮದುವೆಯಾದ ಮೇಲೆ. ಒಂದು ಗೀರೂ ಬೀಳದ ಹಾಗೆ ಬಿಚ್ಚಿ, ನೋಡಿ, ಗ್ರೀಸ್ ಸವರಿ, ಮುಚ್ಚಿ, ಆಮೇಲೆ ನನ್ನ ಕೈಗೆ ಭೂತಗನ್ನಡಿ ಕೊಟ್ಟು ‘ಕನ್ಯೆ ಇದ್ದಂಗಿದೆ’ ಎಂದು ಬೇರೆ ಹೇಳಿದೆ.

ಒಳಗೆ ನೀನು ನೋಡಿದ್ದನ್ನೇ ನಾನೂ ನೋಡಿದೆ. ಹಳೆಯ ಮಾದರಿಗೆ ಇರಬೇಕಾದ ಪಟ್ಟಿ ಸ್ಪ್ರಿಂಗ್ ಇಲ್ಲ, ಆಮೇಲೆ ಬಂದ ಸುರುಳಿ ಸ್ಪ್ರಿಂಗ್ ಇದೆ. ನಂಬರಿನ ಮುಂದೆ ಹೊಸ ಸರಣಿಯ ಅಕ್ಷರವಿದೆ. ಒಡಲಿನ ಮೇಲೆ, ನಳಿಗೆಯ ಮೇಲೆ, ಸಿಲಿಂಡರಿನ ಮೇಲೆ ಅದೇ ನಂಬರು, ಹಾಗಾಗಿ ಬಿಡಿಭಾಗ ಬದಲಿಸಿದ್ದಾರೆ ಎನ್ನುವ ನಿನ್ನ ರಿಪೇರಿಯ ಕತೆಯೂ ನಿಲ್ಲುವುದಿಲ್ಲ. ನಿಕ್ಕಲ್ ಲೇಪವೂ ಕಾರ್ಖಾನೆಯದೇ. ಆಮೇಲೆ ಹೊಸದಾಗಿ ಲೇಪ ಹಾಕುವವರು ಟ್ರಿಗರಿನ ಸುತ್ತಲಿನ ಕಾವಲು ಬಳೆಗೂ ಬಳಿದುಬಿಡುತ್ತಾರೆ, ಇದರ ಬಳೆ ಕಾರ್ಖಾನೆಯ ನೀಲಿಯಾಗಿಯೇ ಉಳಿದಿದೆ. ಎಲ್ಲ ಸೇರಿಸಿದರೆ ೧೯೧೦ರ ಆಸುಪಾಸು. ಎಜ್ರಾ ಸ್ಟಾಡರ್ಡ್ ತೀರಿಕೊಂಡದ್ದು ೧೯೦೧ರಲ್ಲಿ. ಅವನ ಗೋರಿಕಲ್ಲಿನ ಪಾಚಿಯನ್ನು ನಾವಿಬ್ಬರೂ ಎಷ್ಟು ಸಲ ಉಜ್ಜಿದ್ದೇವೆ.

ಮಾರ್ನಿ ನನ್ನ ಮುಖವನ್ನೇ ನೋಡುತ್ತಿದ್ದಳು, ಅಳುತ್ತೇನೆ ಎಂದುಕೊಂಡಿರಬೇಕು. ನಾನು ನಕ್ಕೆ. ಕುರ್ಚಿಯಿಂದ ಜಾರುವಷ್ಟು ನಕ್ಕೆ. ಒಂದೊಂದೇ ನೆನಪಾಗತೊಡಗಿತು. ಆ ರಿವಾಲ್ವರನ್ನು ನೀನು ಒಂದು ದಿನವೂ ಮೇಳದ ಮೇಜಿನ ಮೇಲೆ ಇಡಲಿಲ್ಲ. ಮಾರುವುದಲ್ಲವಲ್ಲ, ಚೀಟಿ ಯಾಕೆ ಎನ್ನುತ್ತಿದ್ದೆ. ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ಯಾರಾದರೂ ಇದು ಯಾವ ವರ್ಷದ್ದು ಎಂದರೆ ನೀನಾಗಿ ಹೇಳುತ್ತಿರಲಿಲ್ಲ, “ನಳಿಗೆ ಮೇಲೆ ಬರೆದಿದೆಯಲ್ಲ, ಓದ್ಕೊಳ್ಳಿ,” ಎನ್ನುತ್ತಿದ್ದೆ. ಓದಿದವರು ಹೌಹಾರುತ್ತಿದ್ದರು. ನೀನು ಪೈ ಕತ್ತರಿಸಲು ಶುರುಮಾಡುತ್ತಿದ್ದೆ. ಐವತ್ತು ವರ್ಷದಲ್ಲಿ ಒಂದು ಸಲವೂ ತಪ್ಪು ತಾರೀಖು ನಿನ್ನ ಬಾಯಿಂದ ಬಂದಿಲ್ಲ.

ನಗು ನಿಂತ ಮೇಲೆ ಯಾಕೆ ಮುಚ್ಚಿಟ್ಟೆ ಎಂದು ಯೋಚಿಸಿದೆ. ಬಹಳ ಹೊತ್ತು ಬೇಕಾಗಲಿಲ್ಲ. ನೀನು ನನ್ನನ್ನು ಮದುವೆಗೆ ಕೇಳಿದ್ದು ಆ ಮುಚ್ಚುಸೇತುವೆಯಲ್ಲೇ. ಕೇಳುವ ಧೈರ್ಯ ಸಾಲದೆ, ಅರ್ಧ ಗಂಟೆ ಎಜ್ರಾನ ಸಾಹಸವನ್ನೇ ಹೇಳಿದೆ, ಅವನು ನಿಂತ ಹಲಗೆಯನ್ನೂ ತೋರಿಸಿದೆ. ಆಗ ನೀನೂ ಅದನ್ನು ನಂಬಿದ್ದೆ. ನಾನು, “ಅಂಥವನ ಮರಿಮಗ ಅಂದ್ಮೇಲೆ ಬೇಡ ಅನ್ನೋಕಾಗುತ್ತಾ?” ಎಂದೆ. ಆಮೇಲೆ ಊರಿಗೆಲ್ಲ, ಹೊಲಿಗೆ ಕೂಟದಲ್ಲೆಲ್ಲ ಅದನ್ನೇ ಹೇಳಿಕೊಂಡು ಮೆರೆದೆ. ವರ್ಷ ತುಂಬುವುದರೊಳಗೆ ನಿನಗೆ ನಿಜ ಗೊತ್ತಾಗಿದೆ. ಪಾಪ, ಯಾವ ಮುಖದಲ್ಲಿ ಹೇಳುತ್ತೀಯ? ದಡ್ಡ, ನಾನು ಎಜ್ರಾನನ್ನು ಮದುವೆಯಾದೆನೇ? ಆ ದಿನ ಸೇತುವೆಯ ಮೇಲೆ ನೀನು ನನ್ನ ಶಾಲಿನ ತುದಿಯನ್ನು ಹಿಡಿದುಕೊಂಡು ಬಿಡುವುದನ್ನೇ ಮರೆತಿದ್ದೆ. ನಾನು ಒಪ್ಪಿದ್ದು ಅದಕ್ಕೆ. ಇದನ್ನು ನಾನೂ ನಿನಗೆ ಹೇಳಿರಲಿಲ್ಲ, ಲೆಕ್ಕ ಸರಿಹೋಯಿತು.

ಹಾಗಾದರೆ ಇದು ಯಾರದು? ನಿನ್ನ ಪತ್ತೇದಾರಿ ಇಲ್ಲಿಗೇ ನಿಂತಿತ್ತು, ಅಲ್ಲವೇ? ವರ್ಷ ಗೊತ್ತಾಯಿತು, ಮನುಷ್ಯರನ್ನು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಎಜ್ರಾ ಬಿದ್ದುಹೋಗುತ್ತಾನೆ. ನನಗೆ ಆ ಹಂಗಿರಲಿಲ್ಲ, ಮುಂದುವರಿದೆ.

ಸಿಲಿಂಡರಿನ ಐದೂ ಮನೆಗಳ ಬಾಯಿ ಮದ್ದಿನ ಹೊಗೆ ತಿಂದು ಕುಳಿಬಿದ್ದಿತ್ತು. ತುಂಬಾ ಸಲ ಹಾರಿಸಿದ ರಿವಾಲ್ವರ್. ಆದರೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಗುಂಡು ತಿರುಗಿಸುವ ಗೀರುಗಳ ಅಂಚು ಇನ್ನೂ ಚೂಪು, ಸೀಸದ ಗುರುತೇ ಇಲ್ಲ. ಇಷ್ಟೊಂದು ಸಿಡಿದೂ ಗುಂಡೇ ಹೊರಡದಿದ್ದರೆ ಅದು ಬರೀ ಸದ್ದಿನ ತೋಟಾ, ಇದು ನಿನ್ನದೇ ಪಾಠ. ಕುದುರೆಗಳ್ಳರ ಎದುರು ಯಾರಾದರೂ ಬರೀ ಸದ್ದು ಮಾಡುತ್ತಾರೆಯೇ? ಅಷ್ಟರಲ್ಲಿ ಮಾರ್ನಿ ಹಿಡಿಕೆಗಳನ್ನು ಜೋಡಿಸಿ ಕೈಗೆ ತೆಗೆದುಕೊಂಡು, “ಅಜ್ಜಿ, ಇದು ನನ್ನ ಕೈಗೆ ಎಷ್ಟು ಚೆನ್ನಾಗಿ ಕೂತ್ಕೊಳ್ಳುತ್ತೆ ನೋಡಿ,” ಎಂದಳು. ಅವಳ ಎಡಗೈ. ನಾನು ಅದನ್ನು ಕಿತ್ತುಕೊಂಡು ಕಿಟಕಿಗೆ ಹಿಡಿದೆ. ಬಲಗಡೆಯ ಹಿಡಿಕೆಯ ಮೇಲಿನ ಗೆರೆಗಳು ಹೊಸದರಂತಿವೆ, ಎಡಗಡೆಯವು ಅಂಗೈ ಉಜ್ಜಿ ಉಜ್ಜಿ ನುಣ್ಣಗಾಗಿವೆ. ಇದನ್ನು ವರ್ಷಗಟ್ಟಲೆ ಹಿಡಿದವರು ಎಡಚರು.

ನೀನು ಎಡಚ, ಆದರೆ ಇದನ್ನು ವರ್ಷಕ್ಕೊಮ್ಮೆ ಮೇಜಿಗೆ ತಂದಿಟ್ಟವನಷ್ಟೇ. ಮಾರ್ನಿಯೂ ಎಡಚಿ. ನಿಮ್ಮಿಬ್ಬರನ್ನು ಮೇಜಿನ ಎಡತುದಿಯಲ್ಲೇ ಕೂರಿಸಬೇಕು, ಇಲ್ಲದಿದ್ದರೆ ಪಕ್ಕದವರ ಸಾರು ಮಡಿಲಿಗೆ. ಈ ಎಡಗೈ ಎಲ್ಲಿಂದ ಬಂತೋ, ನಮ್ಮ ವಂಶದಲ್ಲಿ ಯಾರೂ ಇಲ್ಲ ಎಂದು ನಿಮ್ಮಪ್ಪ ಸಾಯುವ ತನಕ ಹೇಳುತ್ತಿದ್ದರು. ಆ ಕಾಲವನ್ನು ಕಂಡವರು ಒಬ್ಬರೇ ಉಳಿದಿದ್ದರು, ನಿಮ್ಮಪ್ಪನ ತಂಗಿ ಹೆಸ್ಟರ್ ಅತ್ತೆ. ಅವತ್ತೇ ಸಂಜೆ ವೃದ್ಧಾಶ್ರಮಕ್ಕೆ ಹೋದೆವು.

ಅತ್ತೆಗೆ ತೊಂಬತ್ತಾರು. ಕಿವಿ ಮಂದ, ಕಣ್ಣು ಚುರುಕು, ಕ್ರಿಬೇಜ್ ಎಂಬ ಇಸ್ಪೀಟಾಟದಲ್ಲಿ ಇನ್ನೂ ಮೋಸ ಮಾಡುತ್ತಾರೆ. ಅವರ ಜೊತೆ ಆಟಕ್ಕೆ ಕೂತ ಮಾರ್ನಿ, ಫೋನಿನಲ್ಲಿ ತೆಗೆದಿದ್ದ ರಿವಾಲ್ವರಿನ ಚಿತ್ರವನ್ನು ತೋರಿಸಿದಳು. ಅತ್ತೆ ಎಲೆಗಳನ್ನು ಕೆಳಗಿಡದೆ ಒಂದು ಸಲ ನೋಡಿ, “ಓ, ಅಮ್ಮನ ಕಾಗೆ ಗನ್ನು,” ಎಂದರು.

ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನಾನು ಹೇಳಿದರೆ ಕೆಡುತ್ತದೆ. “ಕಾಗದದ ಗಿರಣಿ ಪಿಕ್ನಿಕ್‌ನಲ್ಲಿ ಓಟದ ಪಂದ್ಯ ಇರ್ತಿತ್ತು. ಡೀಕನ್ ಪ್ರ್ಯಾಟ್ ಗನ್ ಹಾರಿಸಿ ಓಟ ಶುರುಮಾಡೋನು. ಚರ್ಚಲ್ಲಿ ದೊಡ್ಡ ಮನುಷ್ಯ. ಒಂದ್ ವರ್ಷ ಸೇಬಿನ ಹುಳಿ ಸೈಡರ್ ಕುಡ್ಕೊಂಡು ಬಂದು ನಿಲ್ಲಕ್ಕಾಗ್ದೆ ಹೆಣ್ಮಕ್ಕಳ ಓಟ ಈ ಸಲ ಇಲ್ಲ ಅಂದ್ಬಿಟ್ಟ. ನಮ್ಮಮ್ಮ ಫಿಲೀನಾ ಪೈ ಮೇಜು ಬಿಟ್ಟು ಎದ್ದು ಬಂದ್ಳು. ಅವನ ಜೇಬಿಗೆ ಕೈ ಹಾಕಿ ಗನ್ ತೆಗೆದ್ಳು. ಹೆಣ್ಮಕ್ಕಳನ್ನ ಸಾಲಾಗಿ ನಿಲ್ಸಿ ಢಂ ಅನ್ಸಿದ್ಳು. ಅದನ್ನ ವಾಪಸ್ ಕೇಳೋ ಧೈರ್ಯ ಡೀಕನ್‌ಗೂ ಬರ್ಲಿಲ್ಲ, ಗಿರಣಿಯೋರಿಗೂ ಬರ್ಲಿಲ್ಲ. ಆಮೇಲೆ ಪ್ರತಿ ವರ್ಷ ಅವಳೇ. ಮಿಕ್ಕಿದ ದಿನ ಜೋಳದ ಹೊಲದಲ್ಲಿ ಕಾಗೆ ಓಡ್ಸೋಕೆ. ಬೆಳಗ್ಗೆ ಒಂದು ಢಂ, ಮಧ್ಯಾಹ್ನ ಒಂದು ಢಂ. ನಾವು ಊಟಕ್ಕೆ ಬರ್ತಿದ್ದಿದ್ದೇ ಅದನ್ನ ಕೇಳಿ.”

“ಎಡಗೈನಲ್ಲಾ ಅತ್ತೆ?” ಎಂದು ಅವರ ಕಿವಿಯ ಹತ್ತಿರ ಕೂಗಿದೆ. “ಮತ್ತೆ? ಚರ್ಚಲ್ಲಿ, ಬರೆಯೋಕೆ, ನಾಲ್ಕು ಜನರ ಮುಂದೆ ಬಲಗೈ. ಮೇಷ್ಟ್ರು ಕೋಲಲ್ಲಿ ಹೊಡೆದು ಕಲಿಸಿದ್ರಂತೆ. ಕಾಗೆ ಮುಂದೆ ಯಾಕೆ ನಾಚಿಕೆ? ಎಡಗೈ. ಹೊಲಕ್ಕೆ ಜೊತೇಲಿ ಹೋಗ್ತಿದ್ದೋಳು ನಾನೊಬ್ಳೇ.” ಎಜ್ರಾನ ಕತೆ ಎಲ್ಲಿಂದ ಬಂತು ಎಂದರೆ ಅತ್ತೆ ಕೈಬೀಸಿದರು. “ನಿಮ್ಮ ಮಾವ ಕಟ್ಟಿದ್ದು. ಇನ್ನೂ ಚಡ್ಡಿ ಹಾಕೋ ವಯಸ್ಸು, ನಳಿಗೆ ಮೇಲೆ ನಂಬರ್ ಓದಿದ, ಆ ಇಸವೀಲಿ ತಾತ ಕಾನ್ಸ್ಟೇಬಲ್ ಅಂತ ಲೆಕ್ಕ ಹಾಕ್ದ, ಶಾಲೇಲಿ ಹೇಳ್ದ. ತಾತ ಹಿಡಿದಿದ್ದು ಒಬ್ಬನೇ ಕಳ್ಳನ್ನ, ಅದೂ ಹುಲ್ಲು ಎತ್ತೋ ಕವೆಗೋಲಲ್ಲಿ. ಕಳ್ಳ ನಿದ್ದೆ ಮಾಡ್ತಿದ್ದ. ಅಮ್ಮಂಗೆ ಎಲ್ಲಾ ಗೊತ್ತಿತ್ತು. ಹೇಳ್ಕೊಳ್ಳಲಿ ಬಿಡು, ಹುಡುಗನಿಗೆ ಖುಷಿ ಅಂದ್ಳು.” ಇಷ್ಟು ವರ್ಷ ನೀವು ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದಾಗ ಅವರು ಎಲೆ ಇಳಿಸಿ, “ಯಾರು ಕೇಳಿದ್ರು?” ಎಂದು ಮಾರ್ನಿಯ ಆಟ ಗೆದ್ದುಕೊಂಡರು.

ಇದೇ ನಿನಗೆ ಗೊತ್ತಿಲ್ಲದ ಸಂಗತಿ, ವೆಂಡಲ್. ಸೌತೆಕಾಯಿ ಉಪ್ಪಿನಕಾಯಿ ಚೆನ್ನಾಗಿ ಹಾಕುತ್ತಿದ್ದಳು ಎಂಬುದೊಂದನ್ನು ಬಿಟ್ಟರೆ ನೀನು ಮತ್ತೇನೂ ನೆನಪಿಸಿಕೊಳ್ಳದ ನಿನ್ನ ಅಜ್ಜಿ ಫಿಲೀನಾ. ನಿನ್ನ ಎಡಗೈ ಅವಳದು. ಮೂರನೇ ತರಗತಿಯಲ್ಲಿ ಆ ಕೈಯನ್ನು ಬೆನ್ನಿಗೆ ಕಟ್ಟಿ ಕೂರಿಸಿದ್ದರು, ಮನೆಗೆ ಬಂದು ಕೊಟ್ಟಿಗೆಯಲ್ಲಿ ಅಳುತ್ತಾ ಕೂತಿದ್ದೆ ಎಂದು ನನ್ನೊಬ್ಬಳಿಗೆ ಹೇಳಿದ್ದೆಯಲ್ಲ. ಆ ಹುಡುಗನಿಗೆ ಇದನ್ನು ಯಾರಾದರೂ ಆಗಲೇ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನಿನ್ನ ವಂಶದಲ್ಲಿ ವೀರರು ಇದ್ದರು, ಮಾರಾಯ. ನಾವು ತಪ್ಪು ಕುರ್ಚಿ ನೋಡುತ್ತಿದ್ದೆವು ಅಷ್ಟೇ.

ವಿನಿಫ್ರೆಡ್ ಮುಖ ಹುಳಿ ಮಾಡಿದಳು. “ಕಾಗೆ ಗನ್ನು ನೋಡೋಕೆ ಯಾರೇ ಬರ್ತಾರೆ?” ಎಂದಳು. ಹೆಸ್ಟರ್ ಅತ್ತೆಯನ್ನು ಕರೆತಂದು ಗಾಜಿನ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿ ಕೂರಿಸು, ಯಾರು ಬರುತ್ತಾರೆ ನೋಡು ಎಂದೆ. ನಿನ್ನೆ ಸಾಲು ಬಾಗಿಲು ದಾಟಿ, ಕೋಳಿ ಸುಡುವ ಒಲೆಯವರೆಗೂ ಬೆಳೆದಿತ್ತು. ಡೀಕನ್ ಪ್ರ್ಯಾಟ್‌ನ ಮೊಮ್ಮಗನೂ ಸಾಲಿನಲ್ಲಿದ್ದ, “ನಮ್ಮ ಗನ್ ನಮಗೆ ಕೊಡಿ ಅತ್ತೆ,” ಎಂದು ರೇಗಿಸಿದ. ಅತ್ತೆ, “ಮೊದ್ಲು ನೆಟ್ಟಗೆ ನಿಂತ್ಕೊ,” ಎಂದರು. ಚೀಟಿಯ ಮೇಲೆ ಹೀಗೆ ಬರೆಸಿದ್ದೇನೆ: ‘ಸುಮಾರು ೧೯೧೦. ಫಿಲೀನಾ ಸ್ಟಾಡರ್ಡ್ ಅವರದು. ಓಟಕ್ಕೆ ಮತ್ತು ಕಾಗೆಗಳಿಗೆ. ವರ್ಷ ಗುರುತಿಸಿದವರು ವೆಂಡಲ್ ಸ್ಟಾಡರ್ಡ್, ಒಪ್ಪಿಕೊಂಡವರು ಅವರ ಹೆಂಡತಿ.’ ಕನೆಕ್ಟಿಕಟ್‌ನ ನಿನ್ನ ಗೆಳೆಯರು ಬಂದು, ಓದಿ, ಟೋಪಿ ತೆಗೆದು ನಿಂತರು. ನಿನ್ನ ಮೇಜಿನ ಮರ್ಯಾದೆ ಉಳಿಯಿತು.

ಸಂಜೆ ಹಿರಿ ಹೆಂಗಸರ ಓಟ. ಮದ್ದು ಹಾಕುವ ಹಾಗಿಲ್ಲ, ಸಿಲಿಂಡರ್ ಸೋತಿದೆ. ಊರಿನ ಪೊಲೀಸ್ ಮುಖ್ಯಸ್ಥ ಕೈಯಲ್ಲಿದ್ದ ಪೈ ಕೆಳಗಿಟ್ಟು, ಬಗ್ಗಿ ನೋಡಿ, ಖಾಲಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ ಮೇಲೆ ಮಾರ್ನಿ ಅದನ್ನು ಎಡಗೈಯಲ್ಲಿ ಆಕಾಶಕ್ಕೆ ಎತ್ತಿದಳು. ಹೆಸ್ಟರ್ ಅತ್ತೆ ಕುರ್ಚಿಯಿಂದಲೇ ಬಾಯಲ್ಲಿ “ಢಂ!” ಎಂದರು. ತೊಂಬತ್ತಾರರ ಗಂಟಲು, ಆದರೂ ಸೇಬಿನ ತೋಟದ ಕಾಗೆಗಳೆಲ್ಲ ಎದ್ದವು.

ನಾನೂ ಓಡಿದೆ, ವೆಂಡಲ್. ಆ ನೋಯುವ ಮಂಡಿ ಇಟ್ಟುಕೊಂಡು, ನೀನು ಬೈಯುತ್ತಿದ್ದ ಆ ಚಪ್ಪಟೆ ಚಪ್ಪಲಿಯಲ್ಲಿ. ವಿನಿಫ್ರೆಡ್ ಕೂಡ ನನ್ನನ್ನು ಹಿಂದೆ ಹಾಕಿದಳು. ಎಲ್ಲರೂ ಗೆರೆ ಮುಟ್ಟಿ, ನಿಂಬೆಪಾನಕ ಕುಡಿದು, ನನ್ನತ್ತ ತಿರುಗಿ ನಿಂತಿದ್ದರು. ಪ್ರತಿ ವರ್ಷ ನೀನು ಓಟ ಮುಗಿಯುವ ಗೆರೆಯ ಆಚೆ ನನ್ನ ಶಾಲು ಹಿಡಿದುಕೊಂಡು, ಗಡಿಯಾರ ನೋಡುವವನಂತೆ ನಟಿಸುತ್ತಾ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ಅಲ್ಲಿಗೇ ಓಡಿದೆ. ಅಳುವೂ ಬಂತು, ನಗುವೂ ಬಂತು. ಬೆಳಗ್ಗೆ ಪೆಟ್ಟಿಗೆಯಲ್ಲಿಡುವ ಮುಂಚೆ ಅದಕ್ಕೆ ನಿನ್ನ ಗ್ರೀಸನ್ನೇ ಸವರಿದ್ದೆ, ಕೈಗೆ ಇನ್ನೂ ವಿಂಟರ್‌ಗ್ರೀನ್ ವಾಸನೆ ಇತ್ತು.

ನೀನು ಇರುವಲ್ಲಿ ನಿನ್ನ ಅಜ್ಜಿಯನ್ನು ಹುಡುಕಿ ಎಡಗೈ ಚಾಚು, ಅವಳು ಗುರುತು ಹಿಡಿಯುತ್ತಾಳೆ. ನೀನು ತಣ್ಣಗಿರು, ನಿನ್ನ ಕೈಯಿಂದ ಕಲಿತ ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನನಗೇನೂ ಅವಸರವಿಲ್ಲ, ಇನ್ನೂ ಕೆಲವು ಸೇಬಿನ ಸುಗ್ಗಿ ನೋಡುವ ಆಸೆ ಇದೆ. ನಾನು ಯಾವಾಗಲೂ ಕೊನೆಗೇ ಬರುವವಳು ಎಂದು ನಿನಗೆ ಗೊತ್ತಲ್ಲ. ಗೆರೆಯ ಆಚೆ ಶಾಲು ಹಿಡಿದುಕೊಂಡು ನಿಂತಿರು.

ನಿನ್ನ ಸುಳ್ಳನ್ನು ಸೇತುವೆಯ ಮೇಲೇ ಕ್ಷಮಿಸಿದ್ದ,
ಆರ್ಲೀನ್